ಕೀಲಿಯಿಲ್ಲದ ಕಾವಲುಗಾರ

"ಗುರುಗಳೇ, ಬಾಗಿಲಲ್ಲಿ ನಿಲ್ಲಿಸಿದವನನ್ನೇ ನಂಬದಿದ್ದರೆ ಹೇಗೆ?" ಎಂದು ಗುರುಶಾಂತ ಕೇಳಿದ.

ಮಠದ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು. ಶಾಖಾ ಮಠಗಳವರು ತಮ್ಮ ತಮ್ಮ ಊರಿನಿಂದಲೇ ಅದಕ್ಕೆ ಲಾಗಿನ್ ಆಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ. ಹೊರಗಿನವರೊಡನೆ ಮೊದಲು ಮಾತಾಡಲು ಒಂದು ಪ್ರೋಗ್ರಾಂ ಇದೆ. ಅದಕ್ಕೂ ಒಂದು ಖಾತೆಯುಂಟು, ಆದರೆ ಬರಿಗೈ ಖಾತೆ. ಯಾವ ಕಡತವನ್ನೂ ಅದು ಮುಟ್ಟುವಂತಿಲ್ಲ. ಆ ಹೆಸರಿನಲ್ಲಿ ಯಾರೂ ಲಾಗಿನ್ ಆಗುವಂತಿಲ್ಲ. ಬಂದವರ ಪಾಸ್‌ವರ್ಡ್ ಸರಿಯೇ ಎಂದು ಒಳಗಿರುವ ಇನ್ನೊಂದು ಪ್ರೋಗ್ರಾಮನ್ನು ಅದು ಕೇಳಬೇಕು. ಅಧಿಕಾರವೆಲ್ಲ ಆ ಒಳಗಿನದರ ಕೈಯಲ್ಲಿ.

"ಇಷ್ಟು ವರ್ಷದಲ್ಲಿ ಹೊರಗಿನದು ಒಂದು ತಪ್ಪು ಮಾಡಿಲ್ಲ. ಎರಡನ್ನೂ ಒಂದು ಮಾಡಿ ಅಧಿಕಾರ ಪೂರ್ತಿ ಅದಕ್ಕೇ ಕೊಟ್ಟುಬಿಡಲೇ?"

"ಕೂತುಕೋ," ಎಂದರು ಗುರುಗಳು.

ಒಬ್ಬ ವರ್ತಕನಿದ್ದ. ಅವನದೊಂದು ದೊಡ್ಡ ಉಗ್ರಾಣ. ಊರೂರಿನ ವ್ಯಾಪಾರಿಗಳು ಅಲ್ಲಿ ಸರಕು ಇಡುತ್ತಿದ್ದರು. ಒಬ್ಬೊಬ್ಬನಿಗೆ ಒಂದು ಕೋಣೆ. ಒಳಗೆ ಹೋದವನು ತನ್ನ ಕೋಣೆ ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿರಲಿಲ್ಲ.

ಬಾಗಿಲಿಗೆ ಇಬ್ಬರು ಆಳು. ಒಬ್ಬ ಹೊರಗೆ, ಒಬ್ಬ ಒಳಗೆ. ಬಂದವರ ಹೆಸರು, ಗುರುತಿನ ಮಾತು ಕೇಳಿಕೊಳ್ಳುವವನು ಹೊರಗಿನವನು. ಅದನ್ನು ಗೋಡೆಯ ಕಿಂಡಿಯಲ್ಲಿ ಒಳಗಿನವನಿಗೆ ಹೇಳುತ್ತಿದ್ದ. ಒಳಗಿನವನು ಹೂಂ ಅನ್ನುತ್ತಿದ್ದ, ಇಲ್ಲವೇ ಇಲ್ಲ ಅನ್ನುತ್ತಿದ್ದ. ಬೇರೆ ಮಾತಿಲ್ಲ. ಕೀಲಿ ಒಳಗಿನವನ ಸೊಂಟದಲ್ಲಿತ್ತು. ಹೊರಗಿನವನಿಗೆ ಇದ್ದದ್ದು ಒಂದು ಚಾಪೆ, ಒಂದು ನೀರಿನ ಗಡಿಗೆ. ಒಳಗೆ ಹೋಗುವ ಹಕ್ಕು ಅವನಿಗಿರಲಿಲ್ಲ.

"ಕಳ್ಳ ಬಂದರೆ ಮೊದಲು ಹಿಡಿಯುವುದು ನಿನ್ನನ್ನು," ಎಂದಿದ್ದ ವರ್ತಕ. "ನಿನ್ನ ಕೈಯಲ್ಲಿ ಏನೂ ಇರಬಾರದು. ನಿನಗಾಗಿ ನೀನು ಕೇಳಿದರೆ ಬಾಗಿಲೂ ತೆರೆಯಬಾರದು."

ಅವನು ಒಪ್ಪಿದ್ದ.

ಅವನ ಹೆಂಡತಿ ಒಳಗೆ ಕಾಳು ಕೇರುವ ಕೆಲಸಕ್ಕಿದ್ದಳು. ಸಂಜೆ ಕೆಲಸ ಮುಗಿಸಿ ಹೊರಗೆ ಬರುತ್ತಿದ್ದಳು. ಇಬ್ಬರೂ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು. ಮಾತು ಕಡಿಮೆ. ಬೇಕಾಗಿಯೂ ಇರಲಿಲ್ಲ.

ಒಂದು ಸಂಜೆ ಅವಳು ಬರಲಿಲ್ಲ. ಹೊರಗೆ ಬಂದ ವ್ಯಾಪಾರಿಯೊಬ್ಬ ಹೇಳಿ ಹೋದ. "ನಿನ್ನವಳು ಕುಸಿದು ಬಿದ್ದಿದ್ದಾಳೆ ಕಣಯ್ಯಾ. ಎತ್ತಿ ತರುವ ಹಾಗಿಲ್ಲವಂತೆ. ನಿನ್ನನ್ನೇ ಕೇಳುತ್ತಿದ್ದಾಳೆ. ಊರವರನ್ನೆಲ್ಲ ಒಳಗೆ ಬಿಡಿಸುತ್ತೀಯ, ನಿನಗೆ ನೀನು ಬಿಡಿಸಿಕೊಳ್ಳಲಾರೆಯಾ?"

ಅವನು ಕಿಂಡಿಗೆ ಮುಖ ಹಚ್ಚಿದ. "ಅಣ್ಣಾ, ನಾನು. ಅವಳು ಸಾಯುತ್ತಿದ್ದಾಳಂತೆ. ಒಂದು ಸಲ ತೆಗಿ."

ಒಳಗಿನವನು, ಅಷ್ಟು ವರ್ಷದಲ್ಲಿ ಮೊದಲ ಸಲ, ಬೇರೆ ಮಾತಾಡಿದ.

"ನೀನು ಅಂತ ಗೊತ್ತು ಕಣೋ. ನಿನ್ನ ಪಕ್ಕ ಯಾರಿದ್ದಾರೆ ಅಂತ ಗೊತ್ತಿಲ್ಲ."

"ಯಾರೂ ಇಲ್ಲ."

"ಕುತ್ತಿಗೆಗೆ ಚೂರಿ ಹಿಡಿದಿದ್ದರೂ ಹಾಗೇ ಅಂತೀಯ."

ಬಾಗಿಲು ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಕಳ್ಳರು ಬಂದರು. ಅವನ ಹೆಂಡತಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಚಾಪೆ ಕೊಡವಿದರು. ಗಡಿಗೆ ಒಡೆದರು. ಕೀಲಿ ಸಿಗಲಿಲ್ಲ. ಕುತ್ತಿಗೆಗೆ ಚೂರಿ ಹಿಡಿದು, "ಹೆಂಡತಿ ಒಳಗಿದ್ದಾಳಂತಲ್ಲ. ಅಳು. ಬಾಗಿಲು ತೆಗೆಸು," ಎಂದರು.

ಅಳು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಂಡಿಗೆ ಮುಖ ಹಚ್ಚಿ ನಿನ್ನೆಯ ಮಾತನ್ನೇ ಹೇಳಿದ. ಕಳ್ಳರಿಗಾಗಿ ಹೇಳಿದನೋ ತನಗಾಗಿ ಹೇಳಿದನೋ ಅವನಿಗೇ ತಿಳಿಯಲಿಲ್ಲ. ಯಾರ ಸಲುವಾಗಿಯಾದರೂ ಸರಿ, ತೆರೆದರೆ ಸಾಕಾಗಿತ್ತು.

"ಇಲ್ಲ," ಎಂದ ಒಳಗಿನವನು.

ಕಳ್ಳರು ಅವನ ತೋಳು ಮುರಿದು ಹೋದರು. ಉಗ್ರಾಣದ ಒಂದು ಕಾಳೂ ಹೋಗಲಿಲ್ಲ.

ಅದರ ಮರುದಿನ ಬಾಗಿಲು ತೆರೆಯಿತು. ನಾಲ್ಕು ಜನ ಅವಳನ್ನು ಹೊತ್ತು ಹೊರಗೆ ತಂದರು. ತೋಳು ಮುರಿದವನು ಹೆಗಲು ಕೊಡಲಾರ. ಹಿಂದೆ ಹಿಂದೆ ನಡೆದ. ಮಣ್ಣು ಮಾಡಿ ಬಂದು ಚಾಪೆಯ ಮೇಲೆ ಕೂತ. ಯಾರೋ ಬಂದು ಹೆಸರು ಹೇಳಿದರು. ಅದನ್ನು ಕಿಂಡಿಯಲ್ಲಿ ಹೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಶಾಂತನಿಗೆ ತಡೆಯಲಾಗಲಿಲ್ಲ. "ಮೊದಲನೆಯ ದಿನ ಅವನ ಪಕ್ಕ ಯಾರೂ ಇರಲಿಲ್ಲವಲ್ಲ ಗುರುಗಳೇ. ಅವತ್ತಾದರೂ ತೆರೆಯಬಹುದಿತ್ತು."

"ಒಳಗಿದ್ದವನಿಗೆ ಎರಡು ದಿನವೂ ಕೇಳಿಸಿದ್ದು ಒಂದೇ ದನಿ ಕಣಪ್ಪಾ."

ಗುರುಶಾಂತ ಎದ್ದು ಹೋದ. ಸರ್ವರಿನ ಎರಡು ಪ್ರೋಗ್ರಾಮನ್ನೂ ಇದ್ದಂತೆಯೇ ಬಿಟ್ಟ.