ಮುಚ್ಚಳಗುಡ್ಡಕ್ಕೆ ಹವಾಮಾನ ಬಂದದ್ದು

ಒಂದಾನೊಂದು ಊರಿನಲ್ಲಿ ಒಬ್ಬ ದೊರೆ, ದೊರೆಗೊಂದು ಮೀಸೆ. ಊರಿನ ಹೆಸರು ಮುಚ್ಚಳಗುಡ್ಡ. ಮೀಸೆಗೆ ಹೆಸರಿರಲಿಲ್ಲ, ಆದರೆ ಆಡಳಿತವೆಲ್ಲ ಅದರದೇ. ಗಾಳಿಯಲ್ಲಿ ತೇವವಿದ್ದರೆ ಅದು ಜೋತು ಬೀಳುತ್ತಿತ್ತು, ಗಾಳಿ ಒಣಗಿದ್ದರೆ ಮೇಲಕ್ಕೆ ಸುರುಳಿ ಸುತ್ತುತ್ತಿತ್ತು. ನಾಳೆ ಅದು ಮೇಲೋ ಕೆಳಗೋ ಎಂದು ತಿಳಿಯದೆ ದೊರೆಗೆ ಊಟ ಸೇರುತ್ತಿರಲಿಲ್ಲ. ದೊರೆ ಉಣ್ಣದೆ ಊರು ಉಣ್ಣುವ ಹಾಗಿಲ್ಲ. ಹೀಗೆ ಒಬ್ಬನ ಮೂಗಿನ ಕೆಳಗಿನ ಚಿಂತೆ ಮನೆಮನೆಯ ಹೊಟ್ಟೆಯ ಚಿಂತೆಯಾಯಿತು.

ಕಡೆಗೆ ದೊರೆ ದೂರದ ಪೇಟೆಯಿಂದ ಒಂದು ಟಿವಿ ಪೆಟ್ಟಿಗೆ ತರಿಸಿದ. ಎಂಥ ಟಿವಿ ಅಂತೀರಿ? ಅದರಲ್ಲಿ ಸಿನಿಮಾ ಇಲ್ಲ, ಕುಸ್ತಿ ಇಲ್ಲ, ವಾರ್ತೆಯೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಹವಾಮಾನವೊಂದೇ. ನೀಲಿ ಪರದೆಯ ಮೇಲೆ ಊರುಗಳ ಹೆಸರುಗಳು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿ ಹೋಗುತ್ತಿದ್ದವು. ಹಿಂದೆ ಯಾರೋ ಕೊಳಲು ಊದುತ್ತಿದ್ದರು. ಇಂಥ ಊರು, ಬಿಸಿಲು. ಇಂಥ ಊರು, ಮೋಡ. ಇಂಥ ಊರು, ಅಲ್ಲಲ್ಲಿ ಮಳೆ. ಅಷ್ಟೇ. ಈಗಿನವರು ನಗಬಹುದು, ನಗಲಿ. ಆಗ ಇಡೀ ಊರು ಚಪ್ಪಲಿ ಹೊರಗೆ ಬಿಟ್ಟು, ದೊರೆಯ ವಾಡೆಯ ಪಡಸಾಲೆಯಲ್ಲಿ ಕೈಕಟ್ಟಿ ಕೂತು ನೋಡುತ್ತಿತ್ತು. ಕಾಣದ ಊರಿನ ಮೇಲೆ ಕಾಣದ ಮಳೆ ಬೀಳುವುದನ್ನು ಕೂತಲ್ಲೇ ತಿಳಿಯುವುದೆಂದರೆ ಸಾಮಾನ್ಯವೇ? ಕೈಗೂಸುಗಳೂ ಅಳುತ್ತಿರಲಿಲ್ಲ. ನಾಳೆ ತಾವು ಎಲ್ಲಿಗೆ ಹೋಗಬೇಕು ಎಂದು ತಿಳಿಯಲು ಮೋಡಗಳೂ ಬರುತ್ತಿದ್ದವು. ಗುಡುಗನ್ನು ಚಪ್ಪಲಿಗಳ ಪಕ್ಕ ಬಿಟ್ಟು, ಕಿಟಕಿಯಲ್ಲಿ ಇಣುಕಿ, ತಮ್ಮ ತಮ್ಮ ಊರು ಬಂದ ಕೂಡಲೇ ಎದ್ದು ಹೋಗುತ್ತಿದ್ದವು.

ನೋಡದೆ ಉಳಿದವಳು ಒಬ್ಬಳೇ, ಈರಬಸವ್ವ. ಊರಿಗೇ ಎತ್ತರದ ಹೆಂಗಸು. ಎತ್ತರವಿದ್ದ ತಪ್ಪಿಗೆ ಅವಳನ್ನು ವಾಡೆಯ ಮಾಳಿಗೆಯ ಮೇಲೆ ಆಂಟೆನಾ ಹಿಡಿಯಲು ನಿಲ್ಲಿಸಿದ್ದರು. ಅವಳು ಕೈ ಬಿಟ್ಟರೆ ಪರದೆಗೆಲ್ಲ ಇರುವೆ ಮುತ್ತಿದ ಹಾಗೆ ಚುಕ್ಕಿ. ಅವಳು ಮೇಲಿನಿಂದ "ಬಂತೇನ್ರಿ?" ಅನ್ನುವಳು. ಊರು ಕೆಳಗಿನಿಂದ "ಇಲ್ಲವಾ, ಇನ್ನಾ ತುಸು ತಿರುವು" ಅನ್ನುವುದು. "ಈಗ ಬಂತೇನ್ರಿ?" "ಬಂತವಾ, ಬಂತು, ಅಲ್ಲೇ ಹಿಡಿ." ಆಮೇಲೆ ಅವಳನ್ನು ಮರೆತೇಬಿಡುತ್ತಿದ್ದರು. ಬೆಳಕಿಂಡಿಯಿಂದ ಕೊಳಲಿನ ದನಿ ಮೇಲೆ ಬರುತ್ತಿತ್ತು. ಒಂದೇ ಒಂದು ಸಲ ನೋಡಬೇಕೆಂದು ಅವಳ ಜೀವ ತುಡಿಯುತ್ತಿತ್ತು. ಆದರೆ ಅವಳು ಇಳಿದರೆ ಅಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ.

ಹೀಗಿರಲು ಒಂದು ದಿನ ದೊರೆ ಹುಬ್ಬು ಗಂಟಿಕ್ಕಿದ. ಪರದೆಯ ಮೇಲೆ ಬಿಂದಿಗೆಹಾಳ ಬಂತು, ಅದರ ಬೆನ್ನಿಗೆ ಸೌಟನಕೊಪ್ಪ ಬಂತು. ಎರಡರ ನಡುವೆ ಇರುವ ಮುಚ್ಚಳಗುಡ್ಡ ಇದುವರೆಗೆ ಬಂದೇ ಇಲ್ಲವೆಂದು ಆಗ ಹೊಳೆಯಿತು. ಮರುದಿನವೂ ಬರಲಿಲ್ಲ. ಮಂತ್ರಿಯನ್ನು ಕರೆಸಿ ಕೇಳಿದರೆ, ನಮ್ಮೂರಿಗೆ ಹವಾಮಾನವೇ ಇಲ್ಲ ಮಹಾಸ್ವಾಮಿ, ಇದ್ದಿದ್ದರೆ ಹೇಳದೆ ಇರುತ್ತಿದ್ದರೇ ಎಂದ. ಹಾಗಾದರೆ ಈಗ ನಾನು ಬೆವರುತ್ತಿರುವುದು ಯಾವ ಬಿಸಿಲಿಗೆ ಎಂದು ದೊರೆ ಕೇಳಿದ. ಬಿಂದಿಗೆಹಾಳದ ಬಿಸಿಲಿಗೆ, ಪಾಪ, ದಾರಿ ತಪ್ಪಿ ಬಂದಿದೆ ಎಂದ ಮಂತ್ರಿ.

ಮುಚ್ಚಳಗುಡ್ಡದವರು ಮಾನವಂತರು. ಪರರ ಸೊತ್ತು ಮುಟ್ಟುವವರಲ್ಲ. ಡಂಗುರ ಸಾರಿದ್ದೇ ತಡ, ಬಿದ್ದ ಮಳೆಯನ್ನು ಕೊಡದಲ್ಲಿ ಹಿಡಿದು ಸೌಟನಕೊಪ್ಪಕ್ಕೆ ಮುಟ್ಟಿಸಿ ಬಂದರು. ಬಿಸಿಲನ್ನು ಕಂಬಳಿಯಲ್ಲಿ ಸುತ್ತಿ ಬಿಂದಿಗೆಹಾಳದ ಗಡಿಯಲ್ಲಿ ಕೊಡವಿ ಬಂದರು. ಗಾಳಿಯನ್ನು ಮೊರದಲ್ಲಿ ಕೇರಿ ಊರಾಚೆ ಚೆಲ್ಲಿದರು. ಗಡಿಯಲ್ಲಿ ಒಬ್ಬ ಕಾವಲುಗಾರ ನಿಂತು, ಬಂದ ಬಂದ ಮೋಡಗಳನ್ನೆಲ್ಲ ನೀವು ಯಾವೂರವು, ಇಲ್ಲೇನು ಕೆಲಸ ಎಂದು ತಡೆಯತೊಡಗಿದ. ಟಿವಿ ನೋಡಲು ಬಂದವಕ್ಕೆ ಇಂಥ ಮಾತೇ ಎಂದು ಮೋಡಗಳು ಮುಖ ಊದಿಸಿಕೊಂಡು ಗುಡ್ಡದ ಆಚೆ ಹೋಗಿ ಕೂತವು.

ಕಡೆಗೆ ಊರಿನಲ್ಲಿ ಹವಾಮಾನ ಪೂರ್ತಿ ಖಾಲಿಯಾಯಿತು. ಬಿಸಿಯೂ ಇಲ್ಲ, ತಂಪೂ ಇಲ್ಲ. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯಿತು. ಸಂಡಿಗೆ ಒಣಗಲಿಲ್ಲ, ಹಾಗಂತ ಹಸಿಯೂ ಇರಲಿಲ್ಲ. ಕಾವಿಗೆ ಕೂತ ಕೋಳಿ ಏಳಬೇಕೋ ಕೂರಬೇಕೋ ತಿಳಿಯದೆ ಕೂತೇ ಇತ್ತು. ದೊರೆಯ ಮೀಸೆ ಮೇಲೂ ಹೋಗದೆ ಕೆಳಗೂ ಬಾರದೆ ಅಡ್ಡಕ್ಕೆ ಸೆಟೆದು ನಿಂತಿತು. ಅವನು ಬಾಗಿಲು ದಾಟಬೇಕಾದರೆ ಪಕ್ಕಕ್ಕೆ ತಿರುಗಬೇಕಾಯಿತು.

ಇದೆಲ್ಲ ಹಾಳಾಗಿ ಹೋಗಲಿ. ಈರಬಸವ್ವನ ಸೊಸೆ ಕಾಶವ್ವನಿಗೆ ದಿನ ತುಂಬಿತ್ತು. ದಿನ ತುಂಬಿ ತುಳುಕಿತು, ಕೂಸು ಮಾತ್ರ ಬರಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆಗೆ ಕಿವಿಯಿಟ್ಟಳು. ಒಳಗಿನಿಂದ ಕೂಸು ತಿಳಿಯಾದ ದನಿಯಲ್ಲಿ ಕೇಳಿತು:

"ಹೊರಗ ಹೆಂಗೈತಿ? ಕುಂಚಿಗಿ ಹಾಕ್ಕೊಂಡು ಬರ್ಲೋ, ಹಂಗ ಬರ್ಲೋ?"

ಈರಬಸವ್ವ ತನ್ನ ಹಳೆಯ ಇಳಕಲ್ ಸೀರೆ ಹರಿದು, ಕೂಸಿನ ತಲೆಬೆನ್ನು ಮುಚ್ಚುವ ಹಾಗೆ ಒಂದು ಕುಂಚಿಗೆ ಹೊಲಿದಿಟ್ಟಿದ್ದಳು. ಆದರೆ ಅದು ಬೇಕೋ ಬೇಡವೋ ಎಂದು ಹೇಳುವವರು ಯಾರು? ಚಳಿ ಎಂದರೆ ಸುಳ್ಳು. ಸೆಕೆ ಎಂದರೂ ಸುಳ್ಳು. ಹುಟ್ಟುವ ಮೊದಲೇ ಕೂಸಿಗೆ ಸುಳ್ಳು ಹೇಳಬಾರದು. ಕೂಸು ಕೇಳುತ್ತಲೇ ಇತ್ತು, ಕಾಶವ್ವ ಸೊರಗುತ್ತಲೇ ಹೋದಳು. ಹೀಗೇ ಬಿಟ್ಟರೆ ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಗೋಡೆಯ ಕಡೆ ನೋಡುತ್ತ ಹೇಳಿದಳು.

ಈರಬಸವ್ವ ಮಾಳಿಗೆ ಹತ್ತಿದಳು. ಆಂಟೆನಾವನ್ನು ಮೂಡಣಕ್ಕೆ ತಿರುವಿದಳು, ಪಡುವಣಕ್ಕೆ ತಿರುವಿದಳು. ಬಿಂದಿಗೆಹಾಳ ಬಂತು ಎಂದರು ಕೆಳಗಿನವರು. ಸೌಟನಕೊಪ್ಪ ಬಂತು ಎಂದರು. ಮುಚ್ಚಳಗುಡ್ಡ ಬರಲಿಲ್ಲ. ಅವಳು ಆಂಟೆನಾದ ಕಂಬಿಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಆಗ ಆಂಟೆನಾ ಬಾಯಿ ಬಿಟ್ಟಿತು.

"ಇಷ್ಟ ದಿನ ಬರೇ ನನ್ನ ಕಿವಿ ತಿರುವಿದ್ರಿ. ಒಬ್ರರೆ ಕಿವ್ಯಾಗ ಏನರ ಹೇಳಿದ್ರೇನು?"

ಏನು ಹೇಳಬೇಕಿತ್ತು ಎಂದಳು ಈರಬಸವ್ವ. ನಿಮ್ಮೂರಿನ ಹವಾಮಾನ ಎಂದಿತು ಆಂಟೆನಾ. ಬಿಂದಿಗೆಹಾಳದಲ್ಲಿ ಯಾರೋ ಪುಣ್ಯಾತ್ಮರು ಹೇಳುತ್ತಾರೆ, ಬರುತ್ತದೆ. ಸೌಟನಕೊಪ್ಪದಲ್ಲಿ ಹೇಳುತ್ತಾರೆ, ಬರುತ್ತದೆ. ನಿಮ್ಮೂರಿನಲ್ಲಿ ಎಲ್ಲರೂ ನೋಡುವವರೇ. ನಮ್ಮಲ್ಲಿ ಹವಾಮಾನವೇ ಖಾಲಿಯಾಗಿದೆಯಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು. ಹೊಸದಿಲ್ಲದಿದ್ದರೆ ಹಳೆಯದು ಹೇಳು, ಹವಾಮಾನವೇನು ಹಳಸುವುದಿಲ್ಲ ಎಂದಿತು ಆಂಟೆನಾ. ಆದರೆ ಒಂದು ಕರಾರು ಹಾಕಿತು.

"ಹೇಳಿದಾಕಿ ನೋಡಂಗಿಲ್ಲ. ಹೆಸರು ಮ್ಯಾಲ ಹೋಗೂತನಾ ನನ್ನ ಬಿಡಂಗಿಲ್ಲ."

ಈರಬಸವ್ವ ಬೆಳಕಿಂಡಿಯ ಕಡೆ ನೋಡಿದಳು. ಅಲ್ಲಿಂದ ನೀಲಿ ಬೆಳಕು ಬರುತ್ತಿತ್ತು. ಜನ್ಮದಲ್ಲಿ ಒಮ್ಮೆ ನೋಡಬೇಕೆಂದಿದ್ದ ಬೆಳಕು. ಆಗಲಿ ಎಂದಳು.

ಯಾವ ಹಳೆಯದು ಹೇಳುವುದು? ಅವಳಿಗೆ ಒಂದು ದಿನದ ಹವಾಮಾನ ಮಾತ್ರ ಬಾಯಿಪಾಠವಿತ್ತು. ಮಗ ಅಡಿವೆಪ್ಪ ಹುಟ್ಟಿದ ದಿನದ್ದು. ಅವಳು ಆಂಟೆನಾದ ಕಿವಿಗೆ ಬಾಯಿ ಹಚ್ಚಿದಳು.

"ಮುಚ್ಚಳಗುಡ್ಡ. ಮುಂಜಾನಿ ಎಳಿ ಬಿಸಲು, ಹೊರಸಿನ ಕಾಲತನಾ ಬಂದು ನಿಂತೈತಿ. ಗಾಳಿ ಐತಿ, ದೀಪ ಆರ್ಸುವಷ್ಟಿಲ್ಲ. ಆಮ್ಯಾಲ ತುಂತುರು. ಬಿಸಲೂ ಐತಿ, ಮಳೀನೂ ಐತಿ. ಕೂಸಿಗೆ ಕುಂಚಿಗಿ ಇರ್ಲಿ."

ಹೇಳಿ, "ಬಂತೇನ್ರಿ?" ಎಂದಳು. ಕೆಳಗಿನಿಂದ ಉತ್ತರವಿಲ್ಲ. ಮತ್ತೊಮ್ಮೆ "ಬಂತೇನ್ರಿ?" ಎಂದಳು. ಉತ್ತರವಿಲ್ಲ. ಕೊಳಲು ಕೂಡ ನಿಂತಿತ್ತು. ಪಡಸಾಲೆಯಲ್ಲಿ ಏನಾಗುತ್ತಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಬಿಂದಿಗೆಹಾಳದ ಬೆನ್ನಿಗೆ ಮುಚ್ಚಳಗುಡ್ಡ ಬಂದಿತ್ತು. ಬಿಳಿಯ ಅಕ್ಷರದಲ್ಲಿ, ಮೆಲ್ಲಗೆ, ಮದುಮಗಳು ಹೊಸ್ತಿಲು ದಾಟಿದ ಹಾಗೆ ಬಂದಿತ್ತು. ಊರೆಲ್ಲ ಎದ್ದು ನಿಂತು ಕೈಮುಗಿದಿತ್ತು. ದೊರೆ ಮೀಸೆಯನ್ನು ಮರೆತು ಅಳುತ್ತಿದ್ದ. ಹುಟ್ಟಿದಾಗಿನಿಂದ ಆ ಊರಿನಲ್ಲೇ ಇದ್ದವರಿಗೆ, ನಮ್ಮೂರು ನಿಜವಾಗಿಯೂ ಇದೆ ಎಂದು ತಿಳಿದದ್ದು ಆವತ್ತೇ. ಇಂಥ ಹೊತ್ತಿನಲ್ಲಿ ಮಾತು ಹೊರಡುವುದೆಲ್ಲಿಂದ?

ಮಾಳಿಗೆಯ ಮೇಲೆ ಈರಬಸವ್ವನ ಕೈಗೆ ಒಂದು ಹನಿ ಬಿತ್ತು.

ಗುಡ್ಡದ ಆಚೆಯಿಂದ ಕತ್ತು ಚಾಚಿ ಓದಿದ ಮೋಡಗಳು ಬಿದ್ದಂಬೀಳ ಓಡಿ ಬಂದಿದ್ದವು. ಎಳೆ ಬಿಸಿಲು ಬಂತು, ಕಾಶವ್ವ ಮಲಗಿದ್ದ ಹೊರಸಿನ ಕಾಲಿನವರೆಗೆ ಬಂದು ನಿಂತಿತು. ಅಡಿವೆಪ್ಪ ಹುಟ್ಟಿದ ವರ್ಷದ್ದೇ ಗಾಳಿ ಬಂತು. ಆ ವರ್ಷ ಹಗ್ಗದ ಮೇಲಿನಿಂದ ಹಾರಿಹೋಗಿದ್ದ ದೊರೆಯ ಪಂಚೆಯನ್ನು ತಂದು ಅವನ ಹೆಗಲಿಗೆ ಹಾಕಿತು. ಹಾಲು ಹೆಪ್ಪುಗಟ್ಟಿತು. ಕೋಳಿ ಎದ್ದು ಮೈಕೊಡವಿತು. ತುಂತುರಿನ ನಡುವೆ ಒಂದು ಕೂಸಿನ ಅಳು ಕೇಳಿತು. ಈರಬಸವ್ವನ ಕಾಲು ಏಣಿಯ ಕಡೆ ಎಳೆಯಿತು, ಆದರೆ ಹೆಸರು ಇನ್ನೂ ಮೇಲೆ ಹೋಗುತ್ತಿತ್ತು. ಅವಳು ಬಿಡಲಿಲ್ಲ. ತೊಯ್ದು ತೊಪ್ಪೆಯಾಗಿ ಇಳಿದು ಬರುವಷ್ಟರಲ್ಲಿ ಹೆಸರು ಹೋಗಿತ್ತು, ಕೂಸು ನೀರು ಎರೆಸಿಕೊಂಡು ಕುಂಚಿಗೆ ಹಾಕಿಕೊಂಡು ಮಲಗಿತ್ತು. ಹೆಸರು ಬಂದದ್ದನ್ನೂ ಕೂಸು ಬಂದದ್ದನ್ನೂ ಅವಳು ನೋಡಲಿಲ್ಲ. ಕೂಸಿಗೆ ತುಂತುರವ್ವ ಎಂದು ಹೆಸರಿಟ್ಟರು.

ಕಾಲ ನಿಲ್ಲುತ್ತದೆಯೇ? ಆ ಚಾನೆಲ್ಲು ಮುಚ್ಚಿತು, ಕೊಳಲು ಊದುವವನು ಮನೆಗೆ ಹೋದ. ಎಲ್ಲರ ಅಂಗೈಯಲ್ಲೂ ಮೊಬೈಲು ಬಂತು, ಅದರಲ್ಲಿ ಹವಾಮಾನವೂ ಬಂತು. ಅದನ್ನು ನೋಡಲು ಯಾರೂ ಚಪ್ಪಲಿ ಬಿಡಲಿಲ್ಲ. ವಾಡೆಯ ಟಿವಿಯೊಳಗೆ ಆ ಕೋಳಿಯ ಮೊಮ್ಮಕ್ಕಳು ಮೊಟ್ಟೆ ಇಡತೊಡಗಿದವು. ಈರಬಸವ್ವ ಹಣ್ಣುಹಣ್ಣು ಮುದುಕಿಯಾದಳು, ಅವಳ ಎತ್ತರವೆಲ್ಲ ಮೊಮ್ಮಗಳಿಗೆ ಹೋಯಿತು. ಒಂದು ದಿನ ಅವಳು, ಸಾಯುವುದರೊಳಗೆ ಒಮ್ಮೆ ನೋಡಬೇಕಿತ್ತು ಎಂದಳು. ತುಂತುರವ್ವ ಮೊಬೈಲು ತೆಗೆದು, ನೋಡಜ್ಜಿ, ಯಾವಾಗಲೂ ನಮ್ಮೂರ ಹೆಸರೇ ಇರುತ್ತದೆ ಎಂದು ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದಳು.

"ಇದು ನಿಂತೇ ಐತೆಲ್ಲವಾ. ಬರಬೇಕು."

ತುಂತುರವ್ವ ಅವಳನ್ನು ವಾಡೆಗೆ ಕರೆದೊಯ್ದಳು. ಕೋಳಿಗಳನ್ನು ಎಬ್ಬಿಸಿ, ಅಜ್ಜಿಯನ್ನು ಆ ಪೆಟ್ಟಿಗೆಯ ಮುಂದೆ ಕೂರಿಸಿದಳು. ಅಜ್ಜಿ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದಳು. ಮೊಮ್ಮಗಳು ಮಾಳಿಗೆ ಹತ್ತಿ, ತುಕ್ಕು ಹಿಡಿದ ಆಂಟೆನಾವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಕಿವಿಯಲ್ಲಿ ಮುಚ್ಚಳಗುಡ್ಡ ಎಂದಳು. ಆವತ್ತಿನ ಬಿಸಿಲು ಹೇಳಿದಳು, ಆವತ್ತಿನ ಗಾಳಿ ಹೇಳಿದಳು, ಇರದ ಮಳೆಯನ್ನೂ ಸ್ವಲ್ಪ ಸೇರಿಸಿದಳು.

"ಬಂತೇನಜ್ಜಿ?"

ಉತ್ತರವಿಲ್ಲ.

"ಬಂತೇನಬೇ?"

ಉತ್ತರವಿಲ್ಲ. ಮತ್ತೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ತುಂತುರವ್ವನ ಕೈಗೆ ಒಂದು ಹನಿ ಬಿತ್ತು. ಅವಳು ಕೇಳಲಿಲ್ಲ. ಹೆಸರು ಮೇಲೆ ಹೋಗುವವರೆಗೆ ಹಿಡಿದೇ ನಿಂತಳು.

ಇದರ ನೀತಿ ಏನೆಂದರೆ, ಮಾಳಿಗೆ ಹತ್ತುವವರು ಕೊಡೆ ಒಯ್ಯಬೇಕು. ಅವರು ಅಲ್ಲಿ ತೊಯ್ದುಕೊಂಡು ಚೆನ್ನಾಗಿದ್ದಾರೆ, ನಾವು ಇಲ್ಲಿ ಒಣಗಿಕೊಂಡು ಚೆನ್ನಾಗಿದ್ದೇವೆ.