ಬಿಳಿ ಕಾರು, ಕೆಂಪು ಕಾರು

ಕಾವೇರಿ ದಡದ ಒಂದು ಷೆಡ್ಡಿನಲ್ಲಿ ಗಂಗಾಧರಾಚಾರ್ ಎಂಬ ಮೇಸ್ತ್ರಿ ಇದ್ದರು. ಹಳೆಯ ಸ್ಪೋರ್ಟ್ಸ್ ಕಾರಿನ ಅಸಲು ನಕಲು ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಚೀಟಿ ಬರೆದುಕೊಟ್ಟರೆ ಜನ ಮರುಮಾತಿಲ್ಲದೆ ಕೊಳ್ಳುತ್ತಿದ್ದರು.

ಏಳು ವರ್ಷ ಕಲಿತ ಶಿಷ್ಯ ಚೆಲುವರಾಜುವಿಗೆ ಅಂದು ಮೊದಲ ಸಲ ಚೀಟಿ ಬರೆಯುವ ಕೆಲಸ ಸಿಕ್ಕಿತ್ತು. ಷೆಡ್ಡಿನ ಮುಂದೆ ಒಂದೇ ಮಾದರಿಯ ಎರಡು ಕಾರು. ಒಂದು ಬಿಳಿ, ಒಂದು ಕೆಂಪು. ಕೊಳ್ಳುವವರು ದೇಚಮ್ಮ, ಘಾಟಿಯ ರ್‍ಯಾಲಿಗಳಲ್ಲಿ ಓಡಿಸುವಾಕೆ. ಚೀಟಿ ತಪ್ಪಾದರೆ ಆಕೆಯ ಜೀವಕ್ಕೇ ಸಂಚಕಾರ.

ಬೆಳಗಿನಿಂದ ತಡಕಾಡಿ ಚೆಲುವರಾಜು ಬಿಳಿ ಕಾರೇ ಸೈ ಎಂದು ಬರೆದ.

“ಯಾಕಪ್ಪ?” ಎಂದರು ಮೇಸ್ತ್ರಿ, ಬೆಂಚು ಬಿಟ್ಟೇಳದೆ.

“ಓಡಿರೋದೇ ಹದಿನೆಂಟು ಸಾವಿರ ಕಿಲೋಮೀಟರು ಗುರುಗಳೇ. ಒಂದು ಗೀರಿಲ್ಲ. ಕೆಂಪದು ತೊಂಬತ್ತು ಸಾವಿರ ಓಡಿದೆ, ಮೂತಿ ತುಂಬಾ ಕಲ್ಲೇಟು.”

“ಚಪ್ಪಲಿ ಬಿಟ್ಟು ಬಿಳೀದರಲ್ಲಿ ಕೂತ್ಕೊ. ಕಣ್ಣು ಮುಚ್ಕೊ.”

ಚೆಲುವರಾಜುವಿಗೆ ನಗು ಬಂತು. ಆದರೂ ಕೂತ.

“ಕಾಲಿಗೇನು ಸಿಗುತ್ತೆ?”

“ಬ್ರೇಕ್ ಪೆಡಲ್ಲು. ರಬ್ಬರಿನ ಗೆರೆ ಚೂಪಾಗಿದೆ. ಹೊಸದು.”

“ಕೈಗೆ?”

“ಸ್ಟೀರಿಂಗು. ಚರ್ಮ ಸವೆದು ನುಣ್ಣಗಾಗಿ…”

ಅವನ ಕೈ ತಾನಾಗಿ ಸೀಟಿನ ಅಂಚಿಗೆ ಹೋಯಿತು.

“ಸೀಟಿನ ಅಂಚೂ ಕುಸಿದಿದೆ ಗುರುಗಳೇ. ಹದಿನೆಂಟು ಸಾವಿರಕ್ಕೆ ಇಷ್ಟು ಸವೆಯಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿ, ಪೆಡಲ್ಲಿಗೆ ಹೊಸ ರಬ್ಬರ್ ಹಾಕಿದ್ದಾರೆ.”

“ಈಗ ಆ ಕೆಂಪದರಲ್ಲಿ ಕೂತ್ಕೊ.”

ಅಲ್ಲಿ ಪೆಡಲ್ಲು, ಸ್ಟೀರಿಂಗು, ಸೀಟು, ಗೇರಿನ ಗುಬುಟು ಎಲ್ಲವೂ ಒಂದೇ ಸಮ ಸವೆದಿದ್ದವು. ತೊಂಬತ್ತು ಸಾವಿರ ಎಂದರೆ ತೊಂಬತ್ತು ಸಾವಿರವೇ. ಎಂಜಿನ್ ನಂಬರು, ಚಾಸಿ ನಂಬರು ಬೆಳಿಗ್ಗೆಯೇ ತಾಳೆಯಾಗಿದ್ದವು. ಎಂಜಿನ್ನೂ ಗಟ್ಟಿ. ಕ್ಲಚ್ಚು ಮಾತ್ರ ಸ್ವಲ್ಪ ಸೋತಿತ್ತು.

ಕಾರಿನ ಹತ್ತಿರಕ್ಕೂ ಬಾರದೆ ಅದರ ಬಾಯಿ ಬಿಡಿಸಿದರಲ್ಲ ಎಂದು ಚೆಲುವರಾಜುವಿಗೆ ಗುರುಗಳ ಮೇಲೆ ಭಕ್ತಿ ಉಕ್ಕಿತು. ಕೆಂಪು ಕಾರಿನ ಮೇಲೂ ಪ್ರೀತಿ ಬಂತು. ಹಳೆಯ ಚೀಟಿ ಹರಿದು, ಕೆಂಪು ಕಾರನ್ನು ಬಾಯಿ ತುಂಬ ಹೊಗಳಿ ಹೊಸದು ಬರೆದ.

ಮೇಸ್ತ್ರಿ ಓದಿ, ಚೀಟಿ ಹಿಂದಕ್ಕೆ ಕೊಟ್ಟರು.

“ಕ್ಲಚ್ಚಿನ ಮಾತೇ ಇಲ್ವಲ್ಲ.”

“ಅದನ್ನ ನಾವೇ ಬದಲಾಯಿಸಿಬಿಡೋಣ ಗುರುಗಳೇ. ಇಂಥ ಕಾರಿಗೆ ಒಂದು ಕುಂದು ಯಾಕೆ ಬರೀಬೇಕು?”

“ಬದಲಾಯಿಸಿದ್ರೂ ಬರಿ. ಆಯಮ್ಮ ಈ ಕಾರನ್ನ ನಂಬಿ ಘಾಟಿ ಇಳಿಯೋರು. ಎಂಥದ್ದನ್ನ ನಂಬ್ತಿದೀನಿ ಅಂತ ಅವರಿಗೆ ಗೊತ್ತಿರಲಿ.”