ತೂತಿಗೆ ಹಿಡಿಸಿದ ಉಂಡೆ

ನೆಲಗಪ್ಪೆ ದಾರಿಯನ್ನು ಕದ್ದಿತು. ಮರೆಯಲ್ಲಿ ಅಲ್ಲ, ಹಾಡಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗ ಕದ್ದಿತು. ಮಕ್ಕಳೇ, ಮಿಕ್ಕ ಕತೆಯನ್ನು ಈ ಮಾತು ನೆನಪಿಟ್ಟುಕೊಂಡೇ ಕೇಳಿ.

ಕಾಡಿನಂಚಿನಲ್ಲಿ ಎಮ್ಮೆಗಳು ಮೇಯುವ ಒಣ ಬಯಲು. ಅದರಾಚೆ ಕಲ್ಲುಗುಡ್ಡ. ಗುಡ್ಡದಾಚೆ ಕೆರೆ. ಬಯಲಿನ ಸಗಣಿಹುಳುಗಳು ಉಂಡೆ ಕಟ್ಟಿ, ಹಿಂಗಾಲಿನಿಂದ ಉರುಳಿಸಿಕೊಂಡು ಕೆರೆಯ ದಂಡೆಗೆ ಒಯ್ಯುತ್ತಿದ್ದವು. ಅಲ್ಲಿನ ಎರೆಹುಳುಗಳು ಎರಡು ಉಂಡೆಗಳನ್ನು ತಾವು ತಿನ್ನಲು ಇಟ್ಟುಕೊಂಡು, ಮೂರನೆಯದಕ್ಕೆ ಹಸಿಮಣ್ಣಿನಲ್ಲಿ ಗೂಡು ಕೊರೆದು ಕೊಡುತ್ತಿದ್ದವು. ಆ ಮೂರನೆಯ ಉಂಡೆಯೊಳಗೆ ಸಗಣಿಹುಳು ಮೊಟ್ಟೆ ಇಡುತ್ತಿತ್ತು. ಮರಿ ಅದನ್ನೇ ತಿಂದು ಬೆಳೆಯಬೇಕು.

ಗುಡ್ಡ ದಾಟಲು ಎರಡು ಬಂಡೆಗಳ ನಡುವೆ ಒಂದೇ ಸಂದು. ಒಂದು ದಿನ ನೆಲಗಪ್ಪೆ ಅಲ್ಲಿ ಬಂದು ಕುಳಿತಿತು. ತೇಗದ ಒಣಎಲೆಯೊಂದನ್ನು ಅಡ್ಡ ನಿಲ್ಲಿಸಿ, ನಡುವೆ ನೆಲ್ಲಿಕಾಯಿ ಗಾತ್ರದ ತೂತು ಮಾಡಿತು.

"ಇದರಲ್ಲಿ ಹಿಡಿಸುವ ಉಂಡೆ ಮಾತ್ರ ಆಚೆ ಹೋಗಬೇಕು. ದೊಡ್ಡದಕ್ಕೆ ಹುಲಿರಾಯರ ಪಂಜದ ಗುರುತು ಬೇಕು."

"ಹುಲಿರಾಯರು ಎಲ್ಲಿ ಸಿಗ್ತಾರೆ ಸಾಹೇಬ್ರೇ?" ಎಂದು ಮಾಳವ್ವ ಎಂಬ ಸಗಣಿಹುಳು ಕೇಳಿದಳು.

"ನನಗೇನು ಗೊತ್ತು? ನಾನೂ ಅವರನ್ನ ನೋಡಿಲ್ಲ."

ಮಾಳವ್ವನ ಉಂಡೆ ನಿಂಬೆಹಣ್ಣಿನಷ್ಟಿತ್ತು. ಅಲ್ಲೇ ಕೆರೆದು ಸಣ್ಣದು ಮಾಡಿದಳು. ಕೆರೆದ ಸಗಣಿ ಕಪ್ಪೆಯ ಪಕ್ಕದಲ್ಲಿ ರಾಶಿ ಬಿತ್ತು. ರಾಶಿಗೆ ನೊಣ ಮುತ್ತಿದವು. ಕಪ್ಪೆ ಕುಳಿತಲ್ಲೇ ನಾಲಿಗೆ ಚಾಚಿ ಒಂದೊಂದನ್ನೇ ನುಂಗಿತು.

ಮರುದಿನದಿಂದ ಮಾಳವ್ವ ಬುದ್ಧಿವಂತಳಾದಳು, ಅಂದರೆ ಹಾಗಂದುಕೊಂಡಳು. ಉಂಡೆಯನ್ನೇ ಸಣ್ಣದಾಗಿ ಕಟ್ಟಿದಳು. ಒಂದು ಸಲ ಹೋಗುವಲ್ಲಿ ನಾಲ್ಕು ಸಲ ಹೋದಳು.

ಪಕ್ಕದ ಬಿಲದ ಕೆಂಚವ್ವ ಹೇಳಿದಳು: "ಅಕ್ಕಾ, ನಾವು ನಲವತ್ತು ಮಂದಿ ಇದ್ದೀವಿ. ಒಂದೇ ಹೊತ್ತಿಗೆ ದೊಡ್ಡ ಉಂಡೆ ತಳ್ಕೊಂಡು ಹೋಗೋಣ. ಎಲೆ ನಿಂತೀತಾ, ಕಪ್ಪೆ ಕೂತೀತಾ?"

"ನೀನು ಬೇಕಾದರೆ ಹೋಗವ್ವ. ದೊಡ್ಡದು ಮಾಡಿದರೆ ಕಣ್ಣಿಗೆ ಬೀಳ್ತೀವಿ. ನಂದು ಹೆಂಗೋ ನಡೀತಿದೆ."

"ನಾಲ್ಕು ಸಲ ತಿರುಗಿ ತಿರುಗಿ ಕಾಲು ಸವೀತಿದೆಯಲ್ಲ, ಅದೇನಾ ನಡೆಯೋದು?"

ಉಳಿದವರೂ ಮಾಳವ್ವನ ಮಾತನ್ನೇ ಹೇಳಿದರು. ಕೆಂಚವ್ವ ಒಬ್ಬಳೇ ಹೋದಳು. ಕಪ್ಪೆ ನಾಲಿಗೆ ಚಾಚಿತು. ಅವಳ ಉಂಡೆ ಮಾತ್ರ ಇಳಿಜಾರಿನಲ್ಲಿ ಉರುಳಿ ವಾಪಸು ಬಂತು.

ಮಾಳವ್ವ ಆ ಉಂಡೆಯನ್ನು ಒಡೆದು ಆರು ಸಣ್ಣ ಉಂಡೆ ಮಾಡಿಕೊಂಡಳು.

ಈಗ ಎಲ್ಲರ ಉಂಡೆಯೂ ಸಲೀಸಾಗಿ ಹಿಡಿಸುತ್ತಿತ್ತು. ಕೆರೆಯುವುದು ನಿಂತಿತು, ನೊಣ ಕಡಿಮೆಯಾದವು. ಕಪ್ಪೆ ಹೊಸ ಎಲೆ ತಂದಿತು. ಈ ಸಲದ ತೂತು ಕಡಲೆಕಾಳಿನಷ್ಟು.

ಮಾಳವ್ವ ಕಡಲೆಕಾಳಿನಷ್ಟೇ ಕಟ್ಟಿದಳು. ಉಂಡೆಯನ್ನು ತೂತಿನಲ್ಲಿ ತೂರಿಸಿ, ತಾನು ಎಲೆ ಹತ್ತಿಳಿದು, ಕೆರೆಯ ದಂಡೆಗೆ ಒಯ್ದಳು.

"ಇದು ಒಂದು ತುತ್ತಿಗೂ ಸಾಲದು ಮಾಳವ್ವ," ಎಂದಿತು ಎರೆಹುಳು. "ಇದಕ್ಕೆಲ್ಲ ಗೂಡು ಕೊರೆಯೋಕಾಗಲ್ಲ. ದಂಡೆ ಮೇಲೇ ಎಲ್ಲಾದರೂ ಇಟ್ಕೋ."

ಮೊಟ್ಟೆ ಇಡುವ ದಿನ ಮೀರುತ್ತಿತ್ತು. ಕಡಲೆಕಾಳಿನಷ್ಟು ಉಂಡೆಯೊಳಗೆ ಮೊಟ್ಟೆ ಇಟ್ಟು, ಬಿಸಿಲು ಬೀಳುವ ದಂಡೆಯ ಮೇಲೇ ಬಿಟ್ಟು ಬಂದಳು. ಕೆಲವು ದಿನ ಕಳೆದು ಹೋಗಿ ನೋಡಿದರೆ ಉಂಡೆ ಕಲ್ಲಾಗಿತ್ತು. ಒಡೆದಳು. ಒಳಗಿನ ಮರಿ ಇದ್ದದ್ದನ್ನೆಲ್ಲ ತಿಂದು ಮುಗಿಸಿ, ಗಟ್ಟಿ ಗೋಡೆಗೆ ಬಾಯಿಟ್ಟು ಸತ್ತಿತ್ತು.

ಮಾಳವ್ವ ಬಯಲಿಗೆ ಹಿಂದಿರುಗಿದಳು. ಕೆಂಚವ್ವನ ಖಾಲಿ ಬಿಲದ ಮುಂದೆ ತುಸು ಹೊತ್ತು ನಿಂತಳು. ಆಮೇಲೆ ಮತ್ತೊಂದು ಉಂಡೆ ಕಟ್ಟತೊಡಗಿದಳು. ಕಡಲೆಕಾಳಿಗಿಂತಲೂ ಸಣ್ಣದು. ನಾಳೆಯ ತೂತಿಗೆ ಇವತ್ತೇ ಸರಿಹೋಗಲಿ ಎಂದು.

ನೀತಿ: ತೂತಿಗೆ ತಕ್ಕಂತೆ ಕುಗ್ಗುವವರಿಗೆ ತೂತು ಇನ್ನೂ ಕಿರಿದಾಗುತ್ತದೆ, ನಿನ್ನ ದಾರಿಗೂ ಯಾರೋ ಎಲೆ ಅಡ್ಡ ನಿಲ್ಲಿಸಿದ್ದಾರೆ, ಪಕ್ಕದವಳು ಒಬ್ಬಳೇ ಹೊರಡುವ ಮೊದಲು ಎದ್ದು ಅವಳ ಜೊತೆ ಹೋಗು.